ಕಲ್ಲೆಂದು ಎತ್ತಿಕೊಂಡದ್ದು ಗಿಡ!

ಮಕ್ಕಳೇ, ಕತ್ರಿಗುಪ್ಪೆಯಿಂದ ಲಾಲ್‌ಬಾಗ್‌ಗೆ ಹೋದಾಗ ಅಲ್ಲಿನ ದೊಡ್ಡ ಬಂಡೆಯನ್ನು ಹತ್ತಿದ್ದೀರಾ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬಂಡೆ ಚಿಗುರುವುದಿಲ್ಲ, ಹೂ ಬಿಡುವುದಿಲ್ಲ. ಆದರೆ ನೆಲದಿಂದ ಎತ್ತಿಕೊಂಡ ಕಲ್ಲೇ ಗಿಡವಾಗಿದ್ದರೆ ಹೇಗಿರುತ್ತದೆ? ಇಂಥ ಅಚ್ಚರಿಯನ್ನು ಕಂಡವರು ವಿಲಿಯಂ ಜಾನ್ ಬರ್ಚೆಲ್.

ಬರ್ಚೆಲ್ 1781ರ ಜುಲೈ 23ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಲಂಡನ್ ಬಳಿಯ ಫುಲ್ಹಾಮ್‌ನಲ್ಲಿ ತಂದೆಯ ಸಸ್ಯಕ್ಷೇತ್ರವಿತ್ತು. ಬೀಜ, ಸಸಿಗಳ ನಡುವೆಯೇ ಬಾಲ್ಯ ಕಳೆಯಿತು. 1805ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ, ಅಲ್ಲಿ ಶಾಲಾ ಶಿಕ್ಷಕರಾಗಿ, ಸಸ್ಯವಿಜ್ಞಾನಿಯಾಗಿ ಕೆಲಸ ಮಾಡಿದರು. 1810ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ತಲುಪಿದರು.

1811ರ ಜೂನ್‌ನಲ್ಲಿ ಎತ್ತಿನ ಗಾಡಿಯಲ್ಲಿ ಒಳನಾಡಿಗೆ ಹೊರಟರು. ದಾರಿ ಬಲ್ಲ ಸ್ಥಳೀಯ ಖೋಯ್‌ಖೋಯ್ ಜನರು ಜೊತೆಗಿದ್ದರು. ಸೆಪ್ಟೆಂಬರ್‌ನಲ್ಲಿ ಪ್ರೀಸ್ಕಾ ಬಳಿಯ ಕಲ್ಲು ನೆಲದಲ್ಲಿ ವಿಚಿತ್ರ ಆಕಾರದ ಒಂದು ಬೆಣಚುಕಲ್ಲು ಕಂಡಿತು. ಎತ್ತಿಕೊಂಡು ನೋಡಿದರೆ ಅದು ಜೀವಂತ ಗಿಡ! ಬಣ್ಣ, ಆಕಾರ ಎರಡೂ ಸುತ್ತಲಿನ ಕಲ್ಲಿನಂತೆಯೇ ಇದ್ದವು. ಮೇಯುವ ಪ್ರಾಣಿಗಳ ಕಣ್ಣಿಗೆ ಬೀಳದಿರಲು ಈ ಹೋಲಿಕೆ ಸಹಾಯಕ ಎಂದು ಅವರು ಊಹಿಸಿದರು.

ಈ ಗಿಡದ ರಚನೆ ಸರಳ. ಎರಡು ದಪ್ಪ ಎಲೆಗಳು ಅಂಟಿಕೊಂಡಿದ್ದು, ನಡುವೆ ಸೀಳು ಇರುತ್ತದೆ. ಹೂ ಬರುವುದು ಅದರಿಂದಲೇ. ಲೋಳೆಸರದಂತೆ ಎಲೆಯೊಳಗೆ ನೀರು ಸಂಗ್ರಹವಾಗುತ್ತದೆ. ಗಿಡದ ಹೆಚ್ಚಿನ ಭಾಗ ಮಣ್ಣಿನೊಳಗೇ ಹುದುಗಿರುತ್ತದೆ. ಹಾಗಾದರೆ ಆಹಾರ ತಯಾರಿಸಲು ಬೆಳಕು ಹೇಗೆ ಸಿಗುತ್ತದೆ? ಎಲೆಯ ತುದಿ ಕಿಟಕಿಯ ಗಾಜಿನಂತೆ ಬೆಳಕನ್ನು ಒಳಗೆ ಬಿಡುತ್ತದೆ. ಹೊಸ ಎಲೆಗಳು ಬೆಳೆಯುವಾಗ ಹಳೆಯ ಎಲೆಗಳ ನೀರನ್ನು ಹೀರಿಕೊಳ್ಳುತ್ತವೆ. ಹಳೆಯವು ಒಣಗಿ ಸಿಪ್ಪೆಯಾಗುತ್ತವೆ.

ಬರ್ಚೆಲ್ ಸಿಕ್ಕಿದ್ದನ್ನು ಸಂಗ್ರಹಿಸಿ ಸುಮ್ಮನಾಗಲಿಲ್ಲ. ಎಲ್ಲಿ, ಯಾವಾಗ ಸಿಕ್ಕಿತು ಎಂದು ಬರೆದಿಟ್ಟರು, ಚಿತ್ರ ಬಿಡಿಸಿದರು. ನಾಲ್ಕು ವರ್ಷಗಳಲ್ಲಿ ಸುಮಾರು 7,000 ಕಿ.ಮೀ. ಸುತ್ತಿ, 50,000ಕ್ಕೂ ಹೆಚ್ಚು ಮಾದರಿಗಳನ್ನು ಕೂಡಿಸಿದರು. ಅವರ ಚಿತ್ರವನ್ನು ಆಧರಿಸಿ 1821ರಲ್ಲಿ ಹಾವರ್ತ್ ಎಂಬ ಸಸ್ಯವಿಜ್ಞಾನಿ ಆ ಗಿಡಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಸುಮಾರು ನೂರು ವರ್ಷಗಳ ನಂತರ ಪ್ರೀಸ್ಕಾ ಪ್ರದೇಶದಲ್ಲೇ ಆ ಗಿಡ ಮತ್ತೆ ಪತ್ತೆಯಾಯಿತು. 1922ರಲ್ಲಿ ಇಂಥ ಗಿಡಗಳ ಗುಂಪಿಗೆ ಲಿಥಾಪ್ಸ್ ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಕಲ್ಲಿನಂಥ ಮುಖ.

ಬಿಳಿ ಘೇಂಡಾಮೃಗವನ್ನು ವಿಜ್ಞಾನಕ್ಕೆ ಪರಿಚಯಿಸಿದವರೂ ಬರ್ಚೆಲ್ ಅವರೇ. ಒಂದು ಬಗೆಯ ಜೀಬ್ರಾಕ್ಕೆ ಅವರ ಹೆಸರಿದೆ. 1825ರಿಂದ 1830ರವರೆಗೆ ಬ್ರೆಜಿಲ್‌ನಲ್ಲೂ ಸಸ್ಯ ಸಂಗ್ರಹಿಸಿದರು. 1863ರಲ್ಲಿ ತೀರಿಕೊಂಡರು. ಅವರ ಸಸ್ಯ ಸಂಗ್ರಹವನ್ನು 1865ರಲ್ಲಿ ಸಹೋದರಿ ಆನ್ನಾ ಕ್ಯೂ ಸಸ್ಯೋದ್ಯಾನಕ್ಕೆ ನೀಡಿದರು.

ಈಗ ಒಂದು ಬೇಸರದ ಸಂಗತಿ. 2019ರಿಂದೀಚೆಗೆ ದಕ್ಷಿಣ ಆಫ್ರಿಕಾದಲ್ಲಿ ಇಂಥ ಪುಟ್ಟ ಗಿಡಗಳನ್ನು ಕಳ್ಳರು ಬುಡಸಹಿತ ಕಿತ್ತು ವಿದೇಶಗಳಿಗೆ ಮಾರುತ್ತಿದ್ದಾರೆ. ಲಿಥಾಪ್ಸ್ ಕುಟುಂಬಕ್ಕೇ ಸೇರಿದ ಕೊನೊಫೈಟಮ್ ಗಿಡಗಳಿಗೆ ಹೆಚ್ಚು ಹಾನಿಯಾಗಿದೆ. ಬರ್ಚೆಲ್ ಸ್ಥಳವನ್ನು ಬರೆದಿಟ್ಟದ್ದರಿಂದ ವಿಜ್ಞಾನಕ್ಕೆ ಲಾಭವಾಯಿತು. ಇಂದಿನ ವಿಜ್ಞಾನಿಗಳಾದರೋ ಅಪರೂಪದ ಗಿಡ ಇರುವ ನಿಖರ ಜಾಗವನ್ನು ಗುಟ್ಟಾಗಿ ಇಡಬೇಕಾಗಿದೆ.

ಮಾಡಿ ನೋಡಿ: ಶಾಲೆಯ ಸುತ್ತ ನೆಲಕ್ಕೆ ಅಂಟಿದಂತಿರುವ ಒಂದು ಗಿಡವನ್ನು ಹುಡುಕಿ. ಅದನ್ನು ಕೀಳಬೇಡಿ. ಅದರ ಚಿತ್ರ ಬಿಡಿಸಿ, ದಿನಾಂಕ ಮತ್ತು ಸ್ಥಳ ಬರೆಯಿರಿ. ಒಂದು ತಿಂಗಳ ನಂತರ ಮತ್ತೆ ನೋಡಿ. ಏನೇನು ಬದಲಾಗಿದೆ?