ಪಂಡಿತಾ ರಮಾಬಾಯಿಯವರೂ ಅವರ ಪುಟ್ಟ ಶಾಲೆಯೂ

ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದವರನ್ನು ಸ್ಮರಿಸುವಾಗ ನಮ್ಮ ಮನಸ್ಸಿಗೆ ಮೊದಲು ಬರುವವರು ಪಂಡಿತಾ ರಮಾಬಾಯಿಯವರು. ಅವರ ಕೀರ್ತಿಯು ಮಹಾರಾಷ್ಟ್ರದ್ದಾದರೂ ಜನ್ಮವು ನಮ್ಮ ನಾಡಿನದು. 1858ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಅವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ನಿಂದೆಯನ್ನು ಲಕ್ಷಿಸದೆ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದರು. ನಸುಕಿನಲ್ಲಿಯೇ ಮಗುವನ್ನೆಬ್ಬಿಸಿ ಬಾಯಿಪಾಠ ಹೇಳಿಕೊಡುತ್ತಿದ್ದರು.

ಕ್ಷಾಮಕಾಲದಲ್ಲಿ, 1874ರ ಸುಮಾರಿಗೆ, ತಂದೆತಾಯಿಗಳೂ ಅಕ್ಕನೂ ತೀರಿಕೊಂಡರು. ಅಣ್ಣನೊಡನೆ ದೇಶವನ್ನೆಲ್ಲಾ ಕಾಲ್ನಡಿಗೆಯಲ್ಲಿ ಸಂಚರಿಸುತ್ತ ರಮಾಬಾಯಿಯವರು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತಾ ಎಂಬ ಬಿರುದನ್ನಿತ್ತರು. 1882ರಲ್ಲಿ ಪತಿವಿಯೋಗವೂ ಒದಗಿತು. ಮಡಿಲಲ್ಲಿ ಎಳೆಯ ಮಗಳು ಮನೋರಮೆ. ಅದೇ ವರ್ಷ ಹಂಟರ್ ವಿದ್ಯಾ ಸಮಿತಿಯ ಮುಂದೆ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಅವಶ್ಯವೆಂದು ಸಾಕ್ಷ್ಯ ಹೇಳಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1886ರಲ್ಲಿ ಅಮೇರಿಕೆಗೆ ಹೋಗಿ ಫಿಲಡೆಲ್ಫಿಯಾದಲ್ಲಿ ಫ್ರೋಬೆಲ್‌ರವರ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸ ಮಾಡಿ, ಅದಕ್ಕನುಸಾರವಾಗಿ ಮರಾಠಿಯಲ್ಲಿ ಪಾಠಪುಸ್ತಕಗಳನ್ನು ಸಿದ್ಧಪಡಿಸಿದರು. ಮಗುವು ಕಂಡು, ಮುಟ್ಟಿ, ಆಡಿ ಕಲಿಯಬೇಕೆಂಬ ಈ ತತ್ತ್ವವನ್ನು ಪ್ರಾಥಮಿಕ ತರಗತಿಗಳ ಉಪಾಧ್ಯಾಯಿನಿಯರಾದ ನಾವೆಲ್ಲರೂ ಬಲ್ಲೆವು.

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಬಂದವರು ಇಬ್ಬರೇ! ಅವರಲ್ಲೊಬ್ಬಳು ಬಾಲವಿಧವೆ ಗೋದೂಬಾಯಿ. ಮುಂದೆ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಪತ್ನಿಯಾಗಿ ಅವರ ಸೇವಾಕಾರ್ಯದಲ್ಲಿ ಸಹಭಾಗಿನಿಯಾದಳು. ಮರುವರ್ಷ ಶಾಲೆಯು ಪುಣೆಗೆ ಹೋಯಿತು. ಮಕ್ಕಳ ಸಂಖ್ಯೆಯೂ ಹೆಚ್ಚಿತು.

ಆದರೆ 1893ರಲ್ಲಿ ಕಠಿಣ ಪರೀಕ್ಷೆಯೊಂದು ಬಂತು. ಯಾರ ಮತಾಚಾರಕ್ಕೂ ಅಡ್ಡಿ ಮಾಡುವುದಿಲ್ಲವೆಂದು ಸದನವು ಮಾತು ಕೊಟ್ಟಿತ್ತು. ರಮಾಬಾಯಿಯವರು ತಮ್ಮ ಕೊಠಡಿಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತುಕೊಳ್ಳುತ್ತಿದ್ದರು. ಮಾತು ತಪ್ಪಿತೆಂದು ಭಾವಿಸಿ ರಾನಡೆ, ಭಾಂಡಾರಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯನ್ನು ಬಿಟ್ಟರು. ಅನೇಕ ಮಕ್ಕಳನ್ನು ಮನೆಯವರು ಕರೆದೊಯ್ದರು. ನಾವು ಇಲ್ಲಿ ಯಾರನ್ನೂ ದೂಷಿಸಲಾರೆವು. ತನ್ನ ನಂಬಿಕೆಯನ್ನು ಬಚ್ಚಿಡಲಾರದ ಗುರುವಿನ ಮನಸ್ಸನ್ನು ನಾವು ಅರಿತಿದ್ದೇವೆ. ಮಗಳನ್ನು ಪರರ ಕೈಗೊಪ್ಪಿಸಿದ ತಂದೆಯ ಕಳವಳವನ್ನೂ ಅರಿತಿದ್ದೇವೆ. ನಾನಾ ಮತದ ಮನೆಗಳಿಂದ ಮಕ್ಕಳು ಬರುವ ಶಾಲೆಗೆ ಪಾಲಕರ ವಿಶ್ವಾಸಕ್ಕಿಂತ ಮಿಗಿಲಾದ ಮೂಲಧನವಿಲ್ಲವೆಂಬುದು ಈ ಸಂಗತಿಯಿಂದ ನಾವು ಕಲಿಯತಕ್ಕ ಪಾಠ.

ರಮಾಬಾಯಿಯವರು ಎದೆಗುಂದಲಿಲ್ಲ. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತದ ನೂರಾರು ಅನಾಥ ಹುಡುಗಿಯರನ್ನು ಕೆಡಗಾಂವಿನ ಮುಕ್ತಿ ಸದನಕ್ಕೆ ಕರೆತಂದು ಅಕ್ಷರವನ್ನೂ ಕೈಕಸುಬನ್ನೂ ಕಲಿಸಿದರು. ಸತ್ಯವೇದವನ್ನು ಮೂಲಭಾಷೆಗಳಿಂದ ಮರಾಠಿಗೆ ಭಾಷಾಂತರಿಸಿದರು. 1921ರಲ್ಲಿ ಮಗಳು ಮನೋರಮೆಯು ತೀರಿಹೋದಳು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ಪ್ರಭುವಿನ ಸನ್ನಿಧಿಯನ್ನು ಸೇರಿದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಊರಿನಲ್ಲಿ ಅಕ್ಷರವಿಲ್ಲದ ಒಂದಿಬ್ಬರು ಹುಡುಗಿಯರಿರಬಹುದು. ಇಬ್ಬರೇ ಎಂದು ಸುಮ್ಮನಿರಬೇಡಿರಿ. ಶಾರದಾ ಸದನವೂ ಇಬ್ಬರಿಂದಲೇ ಆರಂಭವಾಯಿತು.