ಹಳೆ ಲ್ಯಾಪ್‌ಟಾಪ್‌ಗೆ ಹೊಸ ಪ್ರೊಸೆಸರ್ ಹಾಕಿಸಬಹುದೇ? ಚಿಪ್ ಕಂಡುಹಿಡಿದ ರಾಬರ್ಟ್ ನಾಯ್ಸ್ ಕಥೆ ಓದಿ

ಹಳೆ ಲ್ಯಾಪ್‌ಟಾಪ್ ಮಾರಬೇಡಿ, ಪ್ರೊಸೆಸರ್ ಒಂದನ್ನು ಬದಲಿಸಿದರೆ ಸಾಕು, ಹೊಸದರ ಹಾಗೆ ಓಡುತ್ತದೆ ಎನ್ನುವಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಓದಿ ಫಾರ್ವರ್ಡ್ ಮಾಡುವುದಕ್ಕೆ ಖರ್ಚೇನೂ ಇಲ್ಲ. ಆದರೆ ಡಿಗ್ರಿ ಓದುವ ಮಗಳಿಗಾಗಿ ಮನೆಯ ಹಳೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ದೇವದುರ್ಗದಿಂದಲೋ ಮಾನ್ವಿಯಿಂದಲೋ ರಾಯಚೂರಿನ ಬಸ್ ಹತ್ತುವ ಅಪ್ಪನಿಗೆ ಇದು ಕೆಲವು ಸಾವಿರ ರೂಪಾಯಿಯ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸುಮಾರು 2014ಕ್ಕಿಂತ ಹಿಂದಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬದಲಿಸಬಹುದು. ಆಮೇಲೆ ಬಂದ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಗದು, ಏಕೆಂದರೆ ಅವುಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ. ಹೀಗೇಕೆ ಎಂದು ತಿಳಿಯಬೇಕಾದರೆ ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ನಿಮ್ಮ ಕೈಯಲ್ಲಿರುವ ಫೋನೂ ಅವನ ಋಣದಲ್ಲಿದೆ.

ರಾಬರ್ಟ್ ನಾಯ್ಸ್ ಹುಟ್ಟಿದ್ದು 1927ರ ಡಿಸೆಂಬರ್ 12ರಂದು, ಅಮೆರಿಕದ ಅಯೊವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಮೆಕ್ಕೆಜೋಳ ಬೆಳೆಯುವ, ಹಂದಿ ಸಾಕುವ ಒಕ್ಕಲುತನದ ನಾಡು ಅದು. ತಂದೆ ಚರ್ಚಿನ ಪಾದ್ರಿ. ನಾಲ್ಕು ಗಂಡುಮಕ್ಕಳಲ್ಲಿ ಇವನು ಮೂರನೆಯವನು. ಗ್ರಿನೆಲ್ ಎಂಬ ಸಣ್ಣ ಊರಿನಲ್ಲಿ ಬೆಳೆದ. ಹನ್ನೆರಡನೇ ವಯಸ್ಸಿಗೆ ಅಣ್ಣನ ಜೊತೆ ಸೇರಿ ಮನುಷ್ಯ ಹಿಡಿದು ಹಾರುವಂಥ ಗ್ಲೈಡರ್ ಕಟ್ಟಿದ, ಅದನ್ನು ಹಿಡಿದು ಕಟ್ಟಡದ ಮಾಡಿನಿಂದ ಜಿಗಿದೂ ನೋಡಿದ. ಹಳೆ ವಾಷಿಂಗ್ ಮಷಿನ್‌ನ ಮೋಟಾರಿಗೆ ಪ್ರೊಪೆಲ್ಲರ್ ಜೋಡಿಸಿ, ಹಿಮದ ಮೇಲೆ ಜಾರುವ ಬಂಡಿಗೆ ಕಟ್ಟಿದ. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಮತ್ತೊಂದಕ್ಕೆ ಜೋಡಿಸುವ ಹುಡುಗರು ನಮ್ಮ ಊರುಗಳಲ್ಲೂ ಇದ್ದಾರೆ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ನೀವು ಅವರನ್ನು ನೋಡಿರುತ್ತೀರಿ.

ಊರಿನಲ್ಲೇ ಇದ್ದ ಗ್ರಿನೆಲ್ ಕಾಲೇಜಿಗೆ ಸೇರಿದ ಮೇಲೆ ಒಂದು ಎಡವಟ್ಟಾಯಿತು. ಹಾಸ್ಟೆಲ್ ಔತಣಕ್ಕೆಂದು ಗೆಳೆಯನೊಂದಿಗೆ ಹೋಗಿ ಒಂದು ಹಂದಿಯನ್ನು ಕದ್ದು ತಂದ. ಅದು ಊರ ಮೇಯರ್ ಅವರದಾಗಿತ್ತು! ತಾನಾಗಿಯೇ ಹೋಗಿ ತಪ್ಪೊಪ್ಪಿಕೊಂಡರೂ ವಿಷಯ ದೊಡ್ಡದಾಯಿತು. ಒಕ್ಕಲುತನದ ನಾಡಿನಲ್ಲಿ ದನಕರು, ಹಂದಿ ಕದಿಯುವುದು ಸಣ್ಣ ಅಪರಾಧವಲ್ಲ. ಭೌತಶಾಸ್ತ್ರದ ಮೇಷ್ಟ್ರು ಗ್ರ್ಯಾಂಟ್ ಗೇಲ್ ನಡುವೆ ಬಂದು ಹುಡುಗನನ್ನು ಉಳಿಸಿಕೊಂಡರು. ಒಂದು ಸೆಮಿಸ್ಟರ್ ಹೊರಗಿಟ್ಟು ಮತ್ತೆ ಸೇರಿಸಿಕೊಂಡರು. ಆಗಷ್ಟೇ ಬಂದಿದ್ದ ಟ್ರಾನ್ಸಿಸ್ಟರ್ ಎಂಬ ವಸ್ತುವಿನ ಪಾಠ ಹೇಳಿಕೊಟ್ಟವರೂ ಅದೇ ಗೇಲ್. ಆ ಮೇಷ್ಟ್ರು ಅಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ!

1953ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದ ನಾಯ್ಸ್ 1956ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ ಅವರ ಕಂಪನಿಯಲ್ಲಿ ಕೆಲಸ. ಅದೇ ವರ್ಷ ಶಾಕ್ಲಿಗೆ ನೊಬೆಲ್ ಬಂತು. ವಿಜ್ಞಾನಿಯಾಗಿ ದೊಡ್ಡವರು, ಆದರೆ ಅವರ ಕೈಕೆಳಗೆ ದುಡಿಯುವುದು ಕಷ್ಟ. ಎಲ್ಲರ ಮೇಲೂ ಅನುಮಾನ. 1957ರಲ್ಲಿ ಎಂಟು ಮಂದಿ ಒಟ್ಟಿಗೆ ರಾಜೀನಾಮೆ ಕೊಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ನಾಯ್ಸ್ ಒಬ್ಬರು.

ಆ ಕಾಲದ ಕಂಪ್ಯೂಟರಿನ ರೋಗ ಏನೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದೊಂದು ಟ್ರಾನ್ಸಿಸ್ಟರ್ ಬಿಡಿ ಬಿಡಿಯಾಗಿರುತ್ತಿತ್ತು. ಸಾವಿರಾರು ಬಿಡಿಭಾಗಗಳನ್ನು ತಂತಿಯಿಂದ ಕೂಡಿಸಿ, ಒಂದೊಂದು ಕೂಡುವಿಕೆಗೂ ಕೈಯಿಂದ ಬೆಸುಗೆ ಹಾಕಬೇಕಿತ್ತು. ಒಂದು ಬೆಸುಗೆ ಬಿಟ್ಟರೆ ಇಡೀ ಯಂತ್ರ ನಿಲ್ಲುತ್ತಿತ್ತು. ಭಾಗಗಳು ಹೆಚ್ಚಿದಂತೆ ಕೈಕೊಡುವ ಬೆಸುಗೆಗಳೂ ಹೆಚ್ಚು. ಇನ್ನೂ ತಮಾಷೆಯೆಂದರೆ, ಕಾರ್ಖಾನೆಯಲ್ಲಿ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಟ್ರಾನ್ಸಿಸ್ಟರ್ ಮಾಡಿ, ಆಮೇಲೆ ಅದನ್ನು ಚೂರು ಚೂರು ಕತ್ತರಿಸಿ, ಮತ್ತೆ ಅವನ್ನೇ ತಂತಿಯಿಂದ ಕೂಡಿಸುತ್ತಿದ್ದರು.

ಫೇರ್‌ಚೈಲ್ಡ್‌ನಲ್ಲಿದ್ದ ಜೀನ್ ಹೋರ್ನಿ ಟ್ರಾನ್ಸಿಸ್ಟರನ್ನು ಚಪ್ಪಟೆಯಾಗಿ ಮಾಡಿ, ಮೇಲೆ ಸಿಲಿಕಾನ್ ಆಕ್ಸೈಡ್‌ನ ತೆಳುವಾದ ಪದರ ಉಳಿಸುವ ವಿಧಾನ ಕಂಡುಕೊಂಡಿದ್ದರು. ಆ ಪದರ ಗಾಜಿನಂಥದ್ದು, ಅದರಲ್ಲಿ ಕರೆಂಟ್ ಹರಿಯದು. 1959ರ ಜನವರಿಯಲ್ಲಿ ನಾಯ್ಸ್ ಯೋಚಿಸಿದ್ದು ಇಷ್ಟು: ಪದರ ಹೇಗೂ ಇದೆ, ಬೇಕಾದ ಕಡೆ ಮಾತ್ರ ತೂತು ಬಿಟ್ಟು, ಮೇಲೆ ಅಲ್ಯೂಮಿನಿಯಂ ಗೆರೆಗಳನ್ನು ಎಳೆದರೆ ಅವೇ ತಂತಿಯಾಗುತ್ತವಲ್ಲ? ಕತ್ತರಿಸುವುದೂ ಬೇಡ, ಕೂಡಿಸುವುದೂ ಬೇಡ. ಇಡೀ ಸರ್ಕ್ಯೂಟ್ ಒಂದೇ ತುಂಡಿನಲ್ಲಿ, ಅಚ್ಚು ಹಾಕಿದಂತೆ ತಯಾರಾಗುತ್ತದೆ. ಇದೇ ಇಂದಿನ ಚಿಪ್.

ಚಿಪ್ ಕಂಡುಹಿಡಿದವರು ಇವರೊಬ್ಬರೇ ಎಂದು ಎಲ್ಲಾದರೂ ಓದಿದರೆ ನಂಬಬೇಡಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಜ್ಯಾಕ್ ಕಿಲ್ಬಿ 1958ರ ಸೆಪ್ಟೆಂಬರ್‌ನಲ್ಲೇ ಒಂದೇ ತುಂಡು ಜರ್ಮೇನಿಯಂನಲ್ಲಿ ಸರ್ಕ್ಯೂಟ್ ಮಾಡಿ ತೋರಿಸಿದ್ದರು. ಆದರೆ ಅದರಲ್ಲಿ ಇನ್ನೂ ಕೂದಲಿನಂಥ ಚಿನ್ನದ ತಂತಿಗಳನ್ನು ಕೈಯಿಂದ ಕೂಡಿಸಬೇಕಿತ್ತು. ಮೊದಲ ಹೆಜ್ಜೆ ಕಿಲ್ಬಿಯದು, ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಮಾಡಬಲ್ಲ ದಾರಿ ನಾಯ್ಸ್ ಅವರದು. ನಾಯ್ಸ್‌ಗೆ ಪೇಟೆಂಟ್ ಸಿಕ್ಕಿದ್ದು 1961ರ ಏಪ್ರಿಲ್ 25ರಂದು. ಎರಡೂ ಕಂಪನಿಗಳು ವರ್ಷಗಟ್ಟಲೆ ಕೋರ್ಟು ಅಲೆದು, ಕೊನೆಗೆ ಪರಸ್ಪರ ಲೈಸೆನ್ಸ್ ಕೊಟ್ಟುಕೊಂಡವು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೊಲೊ ನೌಕೆಯ ಕಂಪ್ಯೂಟರ್ ಮಾಡಿದ್ದು ಇಂಥ ಚಿಪ್‌ಗಳಿಂದಲೇ.

ಈಗ ನಮ್ಮ ಲ್ಯಾಪ್‌ಟಾಪಿಗೆ ಬರೋಣ. ನಾಯ್ಸ್ ಬೆಸುಗೆಗಳನ್ನು ತೆಗೆದುಹಾಕಿದರು. ಅದರಿಂದ ಯಂತ್ರ ಅಗ್ಗವಾಯಿತು, ಕೆಡುವುದು ಕಡಿಮೆಯಾಯಿತು. ಆದರೆ ಒಂದೇ ತುಂಡಾದದ್ದನ್ನು ಬಿಡಿಸಿ ರಿಪೇರಿ ಮಾಡಲು ಬಾರದು. ರೊಟ್ಟಿ ಬಡಿದು ಹಂಚಿನ ಮೇಲೆ ಬೇಯಿಸಿದ ಮೇಲೆ ಜೋಳದ ಹಿಟ್ಟನ್ನು ಮಾತ್ರ ಹೊರಗೆ ತೆಗೆಯಿರಿ ಎಂದರೆ ಹೇಗೆ? ಚಿಪ್ಪಿನೊಳಗೆ ಒಂದು ಭಾಗ ಸುಟ್ಟರೆ ಇಡೀ ಚಿಪ್ಪನ್ನೇ ಬದಲಿಸಬೇಕು. ಮುಂದೆ ಗ್ರಾಫಿಕ್ಸ್, ಮೆಮೊರಿ ನೋಡಿಕೊಳ್ಳುವ ಭಾಗ ಎಲ್ಲವೂ ಅದೇ ಚಿಪ್ಪಿನೊಳಗೆ ಸೇರಿದವು. ಲ್ಯಾಪ್‌ಟಾಪ್ ತೆಳ್ಳಗಾಗಬೇಕೆಂದು ಕಂಪನಿಗಳು ಚಿಪ್ ಕೂರಿಸುವ ಸಾಕೆಟ್ಟನ್ನೂ ತೆಗೆದು, ಬೋರ್ಡಿಗೇ ಬೆಸೆದವು.

ನಿಮ್ಮದು ಯಾವ ಬಗೆ ಎಂದು ಅಂಗಡಿಗೆ ಹೋಗುವ ಮುಂಚೆಯೇ ತಿಳಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಇಂಟೆಲ್ ಆದರೆ ಸಂಖ್ಯೆಯ ಕೊನೆಯ ಅಕ್ಷರ ನೋಡಿ. ಐ5-7200ಯು ಎಂಬಂತೆ ಕೊನೆಗೆ ಯು ಇದ್ದರೆ ಬೆಸೆದದ್ದು, ಆಸೆ ಬಿಡಿ. ಎಚ್‌ಕ್ಯೂ ಇದ್ದರೂ ಅದೇ. ಐ3-2350ಎಂ ಥರದ ಎರಡರಿಂದ ನಾಲ್ಕನೇ ಪೀಳಿಗೆಯ ಎಂ ಅಥವಾ ಎಂಕ್ಯೂ ಆದರೆ ಸಾಮಾನ್ಯವಾಗಿ ಸಾಕೆಟ್ ಇರುತ್ತದೆ. ಐದನೇ ಪೀಳಿಗೆಯಿಂದ ಲ್ಯಾಪ್‌ಟಾಪ್‌ಗೆಂದೇ ಮಾಡಿದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಕೆಟ್ ಬಗೆಯೇ ಇಲ್ಲ. ಸಾಕೆಟ್ ಇದ್ದರೂ ಯಾವುದೋ ಒಂದು ಚಿಪ್ ತಂದು ಕೂರಿಸಲಾಗದು. ಅದೇ ಸಾಕೆಟ್‌ನದಾಗಿರಬೇಕು, ಬೋರ್ಡಿನ ಬಯಾಸ್ ಅದನ್ನು ಗುರುತಿಸಬೇಕು, 35 ವ್ಯಾಟ್‌ಗೆಂದು ಮಾಡಿದ ಫ್ಯಾನು 45 ವ್ಯಾಟ್ ಚಿಪ್ಪಿನ ಬಿಸಿ ತಡೆಯಬೇಕು. ಬೆಸೆದ ಚಿಪ್ಪನ್ನೂ ಬದಲಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಬೋರ್ಡನ್ನು 200 ಡಿಗ್ರಿಗೂ ಮೇಲೆ ಕಾಯಿಸಬೇಕು ಎಂಬುದು ನೆನಪಿರಲಿ. ಮಾಡುವವರಿದ್ದಾರೆ, ಬೋರ್ಡೇ ಹೋಗುವ ಅಪಾಯವೂ ಇದೆ.

ಅಷ್ಟು ಮಾಡಿದರೂ ನಾಲ್ಕನೇ ಪೀಳಿಗೆ ದಾಟಲಾಗದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವುದು ಎಂಟನೇ ಪೀಳಿಗೆ ಅಥವಾ ಅದರ ನಂತರದ್ದು. ಅದೇ ಹಣಕ್ಕೆ ಹಳೆ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ, ರ‍್ಯಾಮ್ 4 ಜಿಬಿ ಇದ್ದದ್ದನ್ನು 8 ಮಾಡಿಸಿದರೆ, ಹೆಚ್ಚಿನ ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಇನ್ನೊಂದು ನಮ್ಮ ಕಡೆಯ ವಿಷಯ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಜೊತೆಗೆ ಹತ್ತಿಯ ಎಳೆ, ಅಕ್ಕಿ ಗಿರಣಿಯ ತೌಡಿನ ಧೂಳು. ಫ್ಯಾನಿನ ದಾರಿ ಕಟ್ಟಿಕೊಂಡರೆ ಚಿಪ್ ಸುಡದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪ್ರೊಸೆಸರ್ ಹಳೆಯದಾಯಿತು ಎಂದು ನಾವು ಬೈಯುತ್ತಿರುತ್ತೇವೆ. ಫ್ಯಾನ್ ಸ್ವಚ್ಛ ಮಾಡಿಸಿ, ಚಿಪ್ಪಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು ಎಲ್ಲಕ್ಕಿಂತ ಅಗ್ಗದ ಕೆಲಸ. ಮೊದಲು ಅದನ್ನು ಮಾಡಿಸಿ ನೋಡಿ.

ನಾಯ್ಸ್ ಕಥೆ ಇನ್ನೂ ಇದೆ. 1968ರ ಜುಲೈನಲ್ಲಿ ಗೆಳೆಯ ಗೋರ್ಡನ್ ಮೂರ್ ಜೊತೆ ಸೇರಿ ಇಂಟೆಲ್ ಶುರುಮಾಡಿದರು. ಮೊದಲಿಗೆ ಅದು ಮೆಮೊರಿ ಚಿಪ್ ಮಾಡುವ ಕಂಪನಿ. ಜಪಾನಿನ ಬಿಸಿಕಾಮ್ ಎಂಬ ಕಂಪನಿ ಕ್ಯಾಲ್ಕುಲೇಟರಿಗೆ ಹಲವು ಚಿಪ್ ಕೇಳಿಕೊಂಡು ಬಂದಾಗ, ಇಂಟೆಲ್‌ನ ಟೆಡ್ ಹಾಫ್ ಬೇರೆ ದಾರಿ ಸೂಚಿಸಿದರು: ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್ ಬೇಡ, ಹೇಳಿದ್ದನ್ನು ಮಾಡುವ ಒಂದು ಚಿಪ್ ಸಾಕು. ಹುಚ್ಚು ಯೋಚನೆ ಎಂದು ತಳ್ಳಿಹಾಕದೆ ಹಾಫ್ ಬೆನ್ನಿಗೆ ನಿಂತವರು ನಾಯ್ಸ್. ಫೆಡರಿಕೊ ಫ್ಯಾಜಿನ್, ಸ್ಟ್ಯಾನ್ ಮೇಝರ್, ಜಪಾನಿನ ಮಸತೋಶಿ ಶಿಮಾ ಸೇರಿ ದುಡಿದರು. 1971ರ ನವೆಂಬರ್‌ನಲ್ಲಿ ಬಂದ 4004 ಎಂಬ ಆ ಚಿಪ್ಪೇ ಮಾರುಕಟ್ಟೆಗೆ ಬಂದ ಮೊದಲ ಮೈಕ್ರೋಪ್ರೊಸೆಸರ್‌ ಎಂದು ಹೆಸರಾಯಿತು. ಅದರಲ್ಲಿದ್ದದ್ದು 2,300 ಟ್ರಾನ್ಸಿಸ್ಟರ್ ಮಾತ್ರ. ನಿಮ್ಮ ಹಳೆ ಲ್ಯಾಪ್‌ಟಾಪಿನ ಚಿಪ್ಪಿನಲ್ಲಿ ಕೋಟಿಗಟ್ಟಲೆ ಇವೆ.

ಆ ಹೊತ್ತಿಗೆ ಕರ್ನಾಟಕವೂ ಸುಮ್ಮನೆ ಕೂತಿರಲಿಲ್ಲ. ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್‌ ತಯಾರಿಕೆ ಆರಂಭಿಸಿತ್ತು. ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡುವ ಸೌಲಭ್ಯ ಅಲ್ಲಿಗೆ ಬಂದದ್ದೂ 1971ರ ಸುಮಾರಿಗೇ.

ದೊಡ್ಡ ಕಂಪನಿಯ ಯಜಮಾನರಾದ ಮೇಲೂ ನಾಯ್ಸ್ ಪ್ರತ್ಯೇಕ ಕೋಣೆ, ಮೀಸಲು ಪಾರ್ಕಿಂಗ್ ಇಟ್ಟುಕೊಳ್ಳಲಿಲ್ಲ. ಎಲ್ಲರ ನಡುವೆ ಸಾದಾ ಮೇಜಿನಲ್ಲಿ ಕೂತರು. ಆಗಿನ್ನೂ ಹುಡುಗನಾಗಿದ್ದ ಸ್ಟೀವ್ ಜಾಬ್ಸ್ ಸಲಹೆ ಕೇಳಿಕೊಂಡು ಅವರ ಮನೆಗೆ ಬರುತ್ತಿದ್ದ. ಹಾಗೆಂದು ಎಲ್ಲವೂ ಮೆಚ್ಚುವಂಥದ್ದಲ್ಲ. ನಾಯ್ಸ್‌ಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ, ಕೆಲಸದಿಂದ ತೆಗೆಯುವಂಥ ಕಠಿಣ ನಿರ್ಧಾರಗಳನ್ನು ಬೇರೆಯವರಿಗೆ ಬಿಡುತ್ತಿದ್ದರು. ಸಿಗರೇಟ್ ಚಟವೂ ಜೋರಾಗಿತ್ತು.

1988ರಲ್ಲಿ ಅಮೆರಿಕದ ಚಿಪ್ ಕಂಪನಿಗಳ ಜಂಟಿ ಸಂಸ್ಥೆ ಸೆಮಾಟೆಕ್ ನಡೆಸಲು ಟೆಕ್ಸಸ್‌ನ ಆಸ್ಟಿನ್‌ಗೆ ಹೋದರು. 1990ರ ಜೂನ್ 3, ಭಾನುವಾರ ಬೆಳಿಗ್ಗೆ ಮನೆಯಲ್ಲಿ ಈಜಿ ಬಂದವರಿಗೆ ಹೃದಯಾಘಾತವಾಯಿತು. ವಯಸ್ಸು 62. ಹತ್ತು ವರ್ಷದ ಮೇಲೆ, 2000ನೇ ಇಸವಿಯಲ್ಲಿ, ಚಿಪ್ ಕಂಡುಹಿಡಿದದ್ದಕ್ಕಾಗಿ ಕಿಲ್ಬಿ ಅವರಿಗೆ ನೊಬೆಲ್ ಪಾಲು ಬಂತು. ತೀರಿಕೊಂಡವರಿಗೆ ನೊಬೆಲ್ ಕೊಡುವ ಪದ್ಧತಿ ಇಲ್ಲ. ಬಹುಮಾನ ತೆಗೆದುಕೊಳ್ಳಲು ಹೋದ ಕಿಲ್ಬಿ ತಮ್ಮ ಭಾಷಣದಲ್ಲಿ ನಾಯ್ಸ್ ಅವರನ್ನು ಹೆಸರು ಹಿಡಿದು ನೆನೆದರು.