ವಕ್ರಗೆರೆಗೆ ಹೆಸರಾದ ಎಲ್‌ಬ್ರಿಜ್ ಗೆರಿ

ಮನುಷ್ಯನು ತನ್ನ ಬಾಳಿನಲ್ಲಿ ನೂರು ಒಳ್ಳೆಯ ಕೆಲಸಗಳನ್ನು ಮಾಡಿರಬಹುದು. ಲೋಕವು ಅವುಗಳಲ್ಲಿ ಯಾವುದನ್ನು ನೆನಪಿಡುವುದೋ ಹೇಳಲಾಗದು. ರಾಜ್ಯಶಾಸ್ತ್ರವನ್ನು ಓದುವ ನಾವೆಲ್ಲರೂ ಜೆರಿಮ್ಯಾಂಡರ್ ಎಂಬ ಮಾತನ್ನು ಕೇಳಿದ್ದೇವೆ. ಒಂದು ಪಕ್ಷಕ್ಕೆ ಲಾಭವಾಗುವಂತೆ ಚುನಾವಣಾ ಕ್ಷೇತ್ರಗಳ ಎಲ್ಲೆಯನ್ನು ಸೊಟ್ಟಗೆ ಎಳೆಯುವುದಕ್ಕೆ ಆ ಹೆಸರು. ಆ ಮಾತಿನೊಳಗೆ ಎಲ್‌ಬ್ರಿಜ್ ಗೆರಿ ಎಂಬ ಒಬ್ಬ ಮನುಷ್ಯನು ಅಡಗಿದ್ದಾನೆ. ಅವನ ಚರಿತ್ರೆಯನ್ನು ಓದುತ್ತ ಹೋದಂತೆ, ಅವನು ಬರಿಯ ಕುಟಿಲ ರಾಜಕಾರಣಿಯಲ್ಲ, ತನ್ನ ನಾಡಿಗಾಗಿ ದುಡಿದ ದೇಶಭಕ್ತನೆಂಬುದು ನನಗೆ ಮನದಟ್ಟಾಯಿತು. ಹೀಗಿದ್ದೂ ಅವನಿಗೆ ಈ ಅಪಕೀರ್ತಿ ಏಕೆ ಬಂದಿತು? ಅದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಗೆರಿಯು 1744ನೆಯ ಇಸವಿ ಜುಲೈ 17ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಮಾರ್ಬಲ್‌ಹೆಡ್ ಎಂಬ ಬಂದರಿನಲ್ಲಿ ಜನಿಸಿದನು. ತಂದೆಯು ಒಣಮೀನನ್ನು ಹಡಗುಗಳಲ್ಲಿ ದೂರದೇಶಗಳಿಗೆ ಕಳುಹಿಸುತ್ತಿದ್ದ ಸಿರಿವಂತ ವರ್ತಕ. ಮಗನು ಹಾರ್ವರ್ಡ್ ಕಾಲೇಜಿನಲ್ಲಿ ಓದಿ 1762ರಲ್ಲಿ ಪದವೀಧರನಾಗಿ, ತಂದೆಯ ವ್ಯಾಪಾರವನ್ನೇ ಕೈಗೊಂಡನು. ಆಗ ಅಮೆರಿಕದ ವಸಾಹತುಗಳು ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ತಮ್ಮ ಪ್ರತಿನಿಧಿಗಳೇ ಇಲ್ಲದ ಸಂಸತ್ತು ತಮ್ಮ ಮೇಲೆ ತೆರಿಗೆ ಹಾಕುವುದು ಅನ್ಯಾಯವೆಂದು ಜನರು ಕೆರಳಿದ್ದರು. 1772ರಲ್ಲಿ ಶಾಸನಸಭೆಯನ್ನು ಹೊಕ್ಕ ಗೆರಿಯು ಸ್ಯಾಮ್ಯುಯೆಲ್ ಆಡಮ್ಸನ ಒಡನಾಡಿಯಾಗಿ ಈ ಹೋರಾಟಕ್ಕೆ ಧುಮುಕಿದನು. 1776ರ ಸ್ವಾತಂತ್ರ್ಯ ಘೋಷಣೆಯ ಪತ್ರದ ಮೇಲೆ ಅವನ ಸಹಿಯಿದೆ.

ಸ್ವಾತಂತ್ರ್ಯ ಬಂದ ಬಳಿಕ, 1787ರಲ್ಲಿ, ಹೊಸ ಸಂವಿಧಾನವನ್ನು ರಚಿಸಲು ಫಿಲಡೆಲ್ಫಿಯದಲ್ಲಿ ಸಭೆ ಸೇರಿತು. ದೊಡ್ಡ ಸಂಸ್ಥಾನಗಳು ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳು ಬೇಕೆಂದವು. ಚಿಕ್ಕವು ಎಲ್ಲರಿಗೂ ಸಮಪಾಲು ಬೇಕೆಂದವು. ಸಭೆ ಮುರಿದುಬೀಳುವ ಹೊತ್ತಿಗೆ ರಾಜಿಯ ದಾರಿ ಹುಡುಕಲು ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷನು ಗೆರಿ. ಕೆಳಮನೆಯಲ್ಲಿ ಜನಸಂಖ್ಯೆಯ ಲೆಕ್ಕ, ಮೇಲ್ಮನೆಯಲ್ಲಿ ಸಮಪಾಲು ಎಂಬ ಒಪ್ಪಂದವು ಆ ಸಮಿತಿಯ ಮೂಲಕ ಬಂದಿತು. ಆದರೂ ಕೊನೆಯ ದಿನ ಸಂವಿಧಾನಕ್ಕೆ ಸಹಿ ಹಾಕುವ ಸರದಿ ಬಂದಾಗ ಗೆರಿಯು ಸಹಿ ಹಾಕಲಿಲ್ಲ. ಪ್ರಜೆಗಳ ಹಕ್ಕುಗಳನ್ನು ಕಾಪಾಡುವ ವಿಧಿಗಳು ಅದರಲ್ಲಿಲ್ಲವೆಂಬುದು ಅವನ ಆಕ್ಷೇಪಣೆಗಳಲ್ಲಿ ಒಂದು. ಸಭೆಯಲ್ಲಿದ್ದೂ ಅಂದು ಸಹಿಗೆ ಒಪ್ಪದವರು ಮೂವರೇ. 1791ರಲ್ಲಿ ಆ ಹಕ್ಕುಗಳು ಸಂವಿಧಾನವನ್ನು ಸೇರಿದವು. ಒಂದು ಸಹಿಯ ಬೆಲೆಯೇನೆಂಬುದನ್ನು ಅರಿತವನು ಈತ; ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಮುಂದೆ ಅವನು ನಾಲ್ಕು ವರ್ಷ ಕಾಂಗ್ರೆಸ್ಸಿನ ಸದಸ್ಯನಾಗಿದ್ದು, 1797ರಲ್ಲಿ ಫ್ರಾನ್ಸಿಗೆ ರಾಯಭಾರಿಯಾಗಿ ಹೋದನು. ಫ್ರೆಂಚರು ಲಂಚ ಕೇಳಿದ್ದರಿಂದ ಸಂಧಾನ ಕೆಟ್ಟು, ಜೊತೆಯ ಇಬ್ಬರು ರಾಯಭಾರಿಗಳು ಹೊರಟುಬಂದರೂ, ಯುದ್ಧವನ್ನು ತಪ್ಪಿಸಬೇಕೆಂದು ಗೆರಿಯೊಬ್ಬನೇ ಅಲ್ಲಿ ಉಳಿದನು. ಅದಕ್ಕಾಗಿ ಸ್ವದೇಶದಲ್ಲಿ ನಿಂದೆಗೂ ಗುರಿಯಾದನು.

1810ರಲ್ಲಿ ಅವನು ಮ್ಯಾಸಚೂಸೆಟ್ಸಿನ ಗವರ್ನರನಾದನು. ಮೊದಲ ವರ್ಷ ಎರಡು ಪಕ್ಷಗಳನ್ನೂ ಸಮಾಧಾನದಿಂದ ನಡೆಸಿಕೊಂಡನು. ಎರಡನೆಯ ವರ್ಷ ಪಕ್ಷದ್ವೇಷ ತಲೆಗೇರಿತು. ಬ್ರಿಟನ್ನಿನೊಡನೆ ಯುದ್ಧದ ಮಾತು ನಡೆದಿದ್ದ ಕಾಲ. ಎದುರಾಳಿಗಳಾದ ಫೆಡರಲಿಸ್ಟರು ದೇಶಕ್ಕೇ ದ್ರೋಹ ಬಗೆಯುವರೆಂದು ಗೆರಿ ನಂಬತೊಡಗಿದನು. ಅವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಸಿದನು. ಇಂಥ ಸಮಯದಲ್ಲಿ ಅವನ ರಿಪಬ್ಲಿಕನ್ ಪಕ್ಷದವರು ಸಂಸ್ಥಾನದ ಸೆನೆಟ್ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸುವ ಮಸೂದೆಯನ್ನು ತಂದರು. ಹಿಂದೆ ಕ್ಷೇತ್ರಗಳು ಜಿಲ್ಲೆಯ ಎಲ್ಲೆಯನ್ನು ಅನುಸರಿಸುತ್ತಿದ್ದವು. ಈಗ ಜಿಲ್ಲೆಗಳನ್ನು ಬೇಕಾದಂತೆ ಕತ್ತರಿಸಿ ಜೋಡಿಸಿದರು.

ಇದರ ಗುಟ್ಟು ಸುಲಭ. ಎದುರು ಪಕ್ಷದ ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ತುಂಬಿಬಿಟ್ಟರೆ ಅಲ್ಲಿ ಅವರು ಭಾರಿ ಬಹುಮತದಿಂದ ಗೆಲ್ಲುವರು. ಮಿಕ್ಕ ಕಡೆಗಳಲ್ಲೆಲ್ಲ ಸ್ವಲ್ಪಸ್ವಲ್ಪದರಲ್ಲಿ ಸೋಲುವರು. ಗೆರೆ ಎಳೆದವನಿಗೆ ಸ್ಥಾನಗಳು ಲಭಿಸುವುವು.

ಮಸೂದೆಯನ್ನು ಹಿಂದಿರುಗಿಸುವ ಅಧಿಕಾರವು ಗವರ್ನರನಿಗೆ ಇದ್ದಿತು. ಗೆರಿಗೆ ಈ ಕ್ರಮವು ಮನಸ್ಸಿಗೆ ಒಪ್ಪಲಿಲ್ಲವೆಂದು ಅವನ ಅಳಿಯ ಜೇಮ್ಸ್ ಆಸ್ಟಿನ್ ಅವನ ಚರಿತ್ರೆಯಲ್ಲಿ ಬರೆದಿದ್ದಾನೆ. ಆದರೂ 1812ರ ಫೆಬ್ರವರಿ 11ರಂದು ಅವನು ಸಹಿ ಹಾಕಿದನು. ಎಸೆಕ್ಸ್ ಜಿಲ್ಲೆಯಲ್ಲಿ ಹುಟ್ಟಿದ ಒಂದು ಕ್ಷೇತ್ರವು ಹಾವಿನಂತೆ ಡೊಂಕಾಗಿ ಸುತ್ತಿಕೊಂಡಿತ್ತು. ಮಾರ್ಚ್ 26ರ ಬಾಸ್ಟನ್ ಗೆಜೆಟ್ ಪತ್ರಿಕೆಯು ಆ ನಕ್ಷೆಗೆ ತಲೆ, ರೆಕ್ಕೆ, ಉಗುರುಗಳನ್ನು ಸೇರಿಸಿ ಚಿತ್ರವನ್ನು ಅಚ್ಚು ಹಾಕಿತು. ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹೆಸರಿಗೆ ಗೆರಿಯ ಹೆಸರನ್ನು ಬೆಸೆದು ಆ ವಿಕಾರಕ್ಕೆ ನಾಮಕರಣವಾಯಿತು. ಅವನ ಹುಟ್ಟೂರಾದ ಮಾರ್ಬಲ್‌ಹೆಡ್ಡೂ ಆ ಮೃಗದ ಮೈಯ ಒಂದು ಭಾಗವಾಗಿದ್ದಿತು! ಮನೆತನದವರು ಗೆರಿ ಎಂದೇ ಉಚ್ಚರಿಸುತ್ತಿದ್ದರೂ, ಮಾತು ಬಾಯಿಂದ ಬಾಯಿಗೆ ಹೋಗುವಾಗ ಗಕಾರವು ಜಕಾರವಾಯಿತು.

ಫಲವೇನಾಯಿತು? ಆ ವರ್ಷದ ಸೆನೆಟ್ ಚುನಾವಣೆಯಲ್ಲಿ ಫೆಡರಲಿಸ್ಟರಿಗೆ 51,766 ಮತಗಳು, ರಿಪಬ್ಲಿಕನ್ನರಿಗೆ 50,164. ಆದರೆ ಸ್ಥಾನಗಳು ರಿಪಬ್ಲಿಕನ್ನರಿಗೆ 29, ಫೆಡರಲಿಸ್ಟರಿಗೆ 11! ಇಡೀ ಸಂಸ್ಥಾನವೇ ಒಂದು ಕ್ಷೇತ್ರವಾಗಿದ್ದ ಗವರ್ನರ್ ಪದವಿಯ ಚುನಾವಣೆಯಲ್ಲಿ ಗೆರೆಯ ಆಟ ನಡೆಯುವಂತಿರಲಿಲ್ಲ. ಅಲ್ಲಿ ಗೆರಿಯೇ ಸೋತನು. ಪಕ್ಷಕ್ಕೆ ಸ್ಥಾನಗಳು ದೊರೆತವು, ಅವನಿಗೆ ಹೆಸರು ಉಳಿಯಿತು. 1813ರಲ್ಲಿ ಎದುರು ಪಕ್ಷವು ಅಧಿಕಾರಕ್ಕೆ ಬಂದು ಆ ಕಾನೂನನ್ನು ರದ್ದುಮಾಡಿತು. ಹೆಸರನ್ನು ರದ್ದುಮಾಡುವವರು ಯಾರು?

ಅದೇ ವರ್ಷ ಗೆರಿಯು ಮ್ಯಾಡಿಸನ್ನನ ಕೈಕೆಳಗೆ ಅಮೆರಿಕದ ಉಪಾಧ್ಯಕ್ಷನಾದನು. 1814ರ ನವೆಂಬರ್ 23ರಂದು, ಸೆನೆಟ್ ಸಭೆಗೆ ಹೊರಟ ದಾರಿಯಲ್ಲೇ ಎಪ್ಪತ್ತು ವರ್ಷದ ಆ ವೃದ್ಧನು ಕುಸಿದು ತೀರಿಕೊಂಡನು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ವಾಷಿಂಗ್‌ಟನ್ ನಗರದಲ್ಲಿ ಸಮಾಧಿಯಾದವನು ಅವನೊಬ್ಬನೇ.

ನಮ್ಮ ಹಳ್ಳಿಗಳಲ್ಲಿ ಬಾಂದುಕಲ್ಲನ್ನು ಒಂದು ಗೇಣು ಸರಿಸಿದರೂ ತಲೆಮಾರುಗಳ ವ್ಯಾಜ್ಯ ಹುಟ್ಟುತ್ತದೆ. ಹೊಲದ ಬದುವನ್ನು ಅದರಿಂದ ಲಾಭ ಪಡೆಯುವವನ ಕೈಗೇ ಬಿಡಬಾರದೆಂಬುದು ರೈತನಿಗೂ ಗೊತ್ತು. ನಮ್ಮ ದೇಶವು ಈ ವಿವೇಕವನ್ನು ತೋರಿದೆಯೆಂದು ನನ್ನ ಭಾವನೆ. 1952, 1962, 1972 ಮತ್ತು 2002ರ ಕಾಯಿದೆಗಳ ಮೇರೆಗೆ ನ್ಯಾಯಾಧೀಶರ ಅಧ್ಯಕ್ಷತೆಯ ಆಯೋಗಗಳು ಕ್ಷೇತ್ರಗಳನ್ನು ವಿಂಗಡಿಸಿದವು. ಕೊನೆಯ ಆಯೋಗದ ಕರಡು ಪ್ರಕಟವಾಗಿ, ಬಹಿರಂಗ ಸಭೆಗಳಲ್ಲಿ ಜನರ ಆಕ್ಷೇಪಣೆಗಳನ್ನು ಕೇಳಲಾಯಿತು. ಶಾಸಕರೂ ಸಂಸದರೂ ಸಹಸದಸ್ಯರಾಗಿ ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ಆ ಹೊಸ ಎಲ್ಲೆಗಳ ಮೇಲೆ ಮೊದಲ ವಿಧಾನಸಭಾ ಚುನಾವಣೆ ನಡೆದುದು 2008ರಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನಗಳೆಂಬ ಲೆಕ್ಕವನ್ನು 1976 ಮತ್ತು 2001ರ ಸಂವಿಧಾನ ತಿದ್ದುಪಡಿಗಳು 1971ರ ಜನಗಣತಿಗೇ ನಿಲ್ಲಿಸಿದವು. ದೊಡ್ಡವರಿಗೂ ಚಿಕ್ಕವರಿಗೂ ನ್ಯಾಯವಾಗಬೇಕೆಂಬ ಫಿಲಡೆಲ್ಫಿಯದ ಆ ಹಳೆಯ ಪ್ರಶ್ನೆಯೇ ಇದರ ಹಿಂದೆಯೂ ಇದೆ.

ಒಪ್ಪದ ಕಾಗದಕ್ಕೆ ಸಹಿ ಹಾಕದೆ ನಿಂತಾಗ ಗೆರಿಯು ದೊಡ್ಡವನಾದನು. ಪಕ್ಷದ ಮಾತಿಗೆ ಕಟ್ಟುಬಿದ್ದು ಸಹಿ ಹಾಕಿದಾಗ ನಗೆಪಾಟಲಾದನು. ಮನಸ್ಸು ಒಪ್ಪಿತ್ತೋ ಇಲ್ಲವೋ ಎಂಬುದನ್ನು ಚರಿತ್ರೆಯು ಕೇಳಲಿಲ್ಲ. ಕಾಗದದ ಕೊನೆಯಲ್ಲಿದ್ದ ಹೆಸರನ್ನು ಮಾತ್ರ ನೋಡಿತು. ನಾಳೆ ಕಚೇರಿಗಳಲ್ಲಿಯೂ ಪಂಚಾಯಿತಿಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಸಹಿ ಹಾಕಲಿರುವ ನಾವು ಇಷ್ಟನ್ನು ಮರೆಯದಿದ್ದರೆ ಸಾಕು.